ತಾತನ ಹೆಸರಿನಲ್ಲೇ ಉಳಿದ ಗದ್ದೆ

ಪ್ರಶ್ನೆ: ಮಾರ್ಕೋನಹಳ್ಳಿ ಜಲಾಶಯದ ಅಚ್ಚುಕಟ್ಟಿನಲ್ಲಿ ನಮ್ಮ ಗದ್ದೆಯಿದೆ. ತಾತ, ಅಪ್ಪ ಇಬ್ಬರೂ ತೀರಿಕೊಂಡಿದ್ದಾರೆ. ಉಯಿಲು ಇಲ್ಲ, ಪಹಣಿ ತಾತನ ಹೆಸರಿನಲ್ಲೇ ಇದೆ. ಮಾರಲು ಪ್ರೊಬೇಟ್ ಬೇಕೇ?

ಉತ್ತರ: ಬೇಡ. ಪ್ರೊಬೇಟ್ ಎಂದರೆ ಉಯಿಲು ನಿಜವೆಂದು ನ್ಯಾಯಾಲಯ ಒತ್ತುವ ಮುದ್ರೆ. ಉಯಿಲೇ ಇಲ್ಲದ ಮೇಲೆ ಅದರ ಮಾತೇ ಇಲ್ಲ. 1925ರ ಉತ್ತರಾಧಿಕಾರ ಕಾಯ್ದೆ ಹಿಂದೂಗಳ ಉಯಿಲಿಗೆ 2025ರವರೆಗೆ ಪ್ರೊಬೇಟ್ ಕಡ್ಡಾಯ ಮಾಡಿದ್ದುದೂ ಹಳೆಯ ಬಂಗಾಳ, ಮದರಾಸು, ಬೊಂಬಾಯಿಗಳನ್ನು ನೋಡಿ, ನಿಮ್ಮ ಕುಣಿಗಲ್ ಸೀಮೆಗಲ್ಲ.

ನಿಮಗೆ ಬೇಕಾದದ್ದು ಪೌತಿ ಖಾತೆ. ಮರಣ ಪ್ರಮಾಣಪತ್ರ, ವಂಶವೃಕ್ಷ ಇಟ್ಟು ನಾಡಕಚೇರಿಯಲ್ಲಿ ಅರ್ಜಿ ಕೊಡಿ. ತಕರಾರಿಗೆ ನಿಗದಿತ ಕಾಲಾವಕಾಶವಿರುತ್ತದೆ. ಯಾರೂ ಬರದಿದ್ದರೆ ಪಹಣಿಯ 9ನೇ ಕಾಲಂನಲ್ಲಿ ವಾರಸುದಾರರ ಹೆಸರು ಕೂರುತ್ತದೆ.

ಎಡವುವುದು ವಂಶವೃಕ್ಷದಲ್ಲೇ. 'ಮದುವೆ ಮಾಡಿ ಕೊಟ್ಟಾಯ್ತಲ್ಲ' ಎಂದು ಸೋದರತ್ತೆಯರ ಹೆಸರು ಬಿಟ್ಟು ಬರೆಸುವವರನ್ನು ಕಂಡಾಗ ನನಗೆ ನೋವಾಗುತ್ತದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಪಿತ್ರಾರ್ಜಿತದಲ್ಲಿ ಮಗಳಿಗೂ ಹುಟ್ಟಿನಿಂದಲೇ ಸಮಪಾಲು ಕೊಟ್ಟಿದೆ. ಅದನ್ನು ಸುಪ್ರೀಂ ಕೋರ್ಟ್ 2020ರಲ್ಲಿ ಗಟ್ಟಿಮಾಡಿತು. ತಾತನ ಸ್ವಯಾರ್ಜಿತವಾದರೂ ಹೆಣ್ಣುಮಕ್ಕಳಿಗೆ ಪಾಲುಂಟು. ಖಾತೆ ಬದಲಾದ ಮಾತ್ರಕ್ಕೆ ಅದು ಅಳಿಯದು. ಕ್ರಯವಾದ ಮೇಲೂ ದಾವೆ ಬರಬಹುದು.

ಮುಂಗಡ ಹಣ ಮುಟ್ಟುವ ಮೊದಲು ಅತ್ತೆಯರ ಮನೆಗೆ ಹೋಗಿ ಬನ್ನಿ. ಕ್ರಯಪತ್ರಕ್ಕೆ ಅವರೂ ಸಹಿ ಹಾಕಲಿ, ಅವರ ಪಾಲಿನ ಹಣ ಅವರ ಕೈ ಸೇರಲಿ.