ರಕ್ತದ ಕಾಯಿಲೆಯ ಮಾತ್ರೆಯಿಂದ ಕೂದಲು ಬಂತಂತೆ! ನಾವೂ ತಗೋಬಹುದಾ?



ಎರಡು ವರ್ಷದ ಹಿಂದೆ ಕಟಿಂಗ್ ಶಾಪ್‌ನ ಅಣ್ಣ, ‘ಹಿಂದೆ ನಾಣ್ಯದಷ್ಟು ಜಾಗದಲ್ಲಿ ಕೂದಲೇ ಇಲ್ವಲ್ಲ’ ಅಂದ್ರು. ಮನೇಲಿ ಅಜ್ಜಿ, ‘ಹುಳ ತಿಂದಿದೆ ಕಣೋ, ಈರುಳ್ಳಿ ರಸ ಹಚ್ಚು’ ಅಂದ್ರು. ಚರ್ಮದ ಡಾಕ್ಟರ್ ಹೇಳಿದ್ದೇ ಬೇರೆ: ಇದು ಅಲೋಪೇಶಿಯಾ ಏರಿಯೇಟಾ. ಹುಳ ಅಲ್ಲ, ಅಂಟುರೋಗವೂ ಅಲ್ಲ. ನಮ್ಮನ್ನು ಕಾಯಬೇಕಾದ ರೋಗನಿರೋಧಕ ಕಣಗಳೇ ಕೂದಲಿನ ಬುಡದ ಮೇಲೆ ದಾಳಿ ಮಾಡುತ್ತವೆ.

ಆ ರಾತ್ರಿ ಫೋನ್‌ನಲ್ಲಿ ಹುಡುಕುವಾಗ ಒಂದು ಹೆಸರು ಸಿಕ್ತು: ರುಕ್ಸೊಲಿಟಿನಿಬ್. ಇದು ರಕ್ತದ ಕಾಯಿಲೆಯ ಮಾತ್ರೆ. ಮೂಳೆಯೊಳಗಿನ ಮಜ್ಜೆ ಗಟ್ಟಿಯಾಗಿ, ಗುಲ್ಮ ಊದಿಕೊಳ್ಳುವ ಮೈಲೋಫೈಬ್ರೋಸಿಸ್‌ಗೆ ಅಮೆರಿಕದಲ್ಲಿ 2011ರಲ್ಲಿ ಒಪ್ಪಿಗೆ ಪಡೆದದ್ದು. ಅದಕ್ಕೂ ಕೂದಲಿಗೂ ಏನು ಸಂಬಂಧ?

ಜೀವಕೋಶದೊಳಗೆ ‘ಜ್ಯಾಕ್’ ಅನ್ನೋ ಕಿಣ್ವಗಳಿವೆ. ಹೊರಗಿನಿಂದ ಬಂದ ಸಂದೇಶವನ್ನು ಒಳಗೆ ದಾಟಿಸೋದು ಇವುಗಳ ಕೆಲಸ. ಮೈಲೋಫೈಬ್ರೋಸಿಸ್‌ನಲ್ಲಿ ಈ ಸಂದೇಶ ಅತಿಯಾಗುತ್ತದೆ. ಕೂದಲಿನ ಬುಡಕ್ಕೆ ದಾಳಿ ಮಾಡುವ ಕಣಗಳಿಗೆ ಹುಕುಂ ಹೋಗೋದೂ ಇದೇ ದಾರಿಯಲ್ಲಿ. ಮಾತ್ರೆ ಆ ದಾರಿಯನ್ನೇ ಅಡ್ಡಗಟ್ಟುತ್ತದೆ. ಬುಡ ಸತ್ತಿರುವುದಿಲ್ಲ, ಹಾಗಾಗಿ ಕೂದಲು ಮತ್ತೆ ಚಿಗುರುತ್ತದೆ.

2014ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದವರು ಮೂವರು ರೋಗಿಗಳಿಗೆ ಇದನ್ನು ಕೊಟ್ಟರು. ನಾಲ್ಕೈದು ತಿಂಗಳಲ್ಲಿ ಕೂದಲು ತುಂಬಿಕೊಂಡಿತು. 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 12 ಜನರ ಪೈಕಿ 9 ಮಂದಿಗೆ ಫಲ ಸಿಕ್ಕಿತು. ಆದರೆ ಮಾತ್ರೆ ನಿಲ್ಲಿಸಿದ ಮೇಲೆ ಕೆಲವರಿಗೆ ಮತ್ತೆ ಉದುರಿತು. ಇದೇ ಗುಂಪಿನ ಬ್ಯಾರಿಸಿಟಿನಿಬ್‌ಗೆ 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ಅದೂ ತೀವ್ರ ಅಲೋಪೇಶಿಯಾ ಏರಿಯೇಟಾಗೆ ಮಾತ್ರ. 2024ರಲ್ಲಿ ಬಂದ ಡ್ಯೂರುಕ್ಸೊಲಿಟಿನಿಬ್ ಅಂತೂ ರುಕ್ಸೊಲಿಟಿನಿಬ್‌ನದೇ ಸ್ವಲ್ಪ ಬದಲಿಸಿದ ರೂಪ.

‘ಹಾಗಾದ್ರೆ ಆರ್ಡರ್ ಮಾಡ್ಲಾ?’ ಅಂತ ನಾನೂ ಯೋಚಿಸಿದ್ದೆ. ತಡೀರಿ. ದಾಳಿ ತಡೆಯುವ ಮಾತ್ರೆ ನಮ್ಮ ಕಾವಲನ್ನೂ ಸಡಿಲಿಸುತ್ತದೆ. ಮೈಯಲ್ಲಿ ಸುಮ್ಮನೆ ಮಲಗಿದ್ದ ಕ್ಷಯ ಎದ್ದು ಕೂರಬಹುದು. ಟಿಬಿ ಇಷ್ಟಿರುವ ನಮ್ಮ ದೇಶದಲ್ಲಿ ಇದು ಸಣ್ಣ ಮಾತಲ್ಲ. ಗಂಭೀರ ಸೋಂಕು, ರಕ್ತ ಹೆಪ್ಪುಗಟ್ಟುವಿಕೆ, ಹೃದಯಾಘಾತ, ಕ್ಯಾನ್ಸರ್‌ ಅಪಾಯದ ಎಚ್ಚರಿಕೆಯೂ ಈ ಗುಂಪಿನ ಮಾತ್ರೆಗಳ ಜೊತೆಗೇ ಬರುತ್ತದೆ. ಅದಕ್ಕೇ ಶುರು ಮಾಡುವ ಮೊದಲು ಟಿಬಿ ಪರೀಕ್ಷೆ, ಆಮೇಲೆ ಆಗಾಗ ರಕ್ತ ಪರೀಕ್ಷೆ ಬೇಕೇ ಬೇಕು.

ಇನ್ನೊಂದು ವಿಷಯ. ಹಣೆಯಿಂದ ಹಿಂದಕ್ಕೆ ಸರಿಯುವ, ಅಪ್ಪ-ತಾತನಿಂದ ಬಂದ ಬೋಳಿಗೆ ಇದು ಮದ್ದಲ್ಲ. ಆ ಕಥೆ ಹಾರ್ಮೋನಿನದ್ದು.

ನನಗೆ ಡಾಕ್ಟರ್ ಈ ಮಾತ್ರೆ ಕೊಡಲೇ ಇಲ್ಲ. ಒಂದೇ ಮಚ್ಚೆ, ತಾನಾಗೇ ಬರುವ ಸಾಧ್ಯತೆ ಹೆಚ್ಚು ಅಂದ್ರು. ಕೆಲವು ತಿಂಗಳಲ್ಲಿ ಮೊದಲು ಬಿಳಿ ಕೂದಲು ಬಂತು, ಆಮೇಲೆ ಕಪ್ಪಾಯ್ತು. ಎಲ್ಲರಿಗೂ ಹೀಗೇ ಆಗುತ್ತೆ ಅಂತಲ್ಲ. ತಲೆಯೆಲ್ಲಾ ಖಾಲಿಯಾಗಿ ಕಾಲೇಜಿಗೆ ಹೋಗೋದನ್ನೇ ಬಿಟ್ಟವರಿಗೆ ಈ ಮಾತ್ರೆ ನಿಜವಾದ ಆಸರೆ ಆಗಬಹುದು. ಆದರೆ ಅದನ್ನು ತೂಗಿ ನೋಡಬೇಕಾದವರು ನೀವು ಮತ್ತು ನಿಮ್ಮ ಡಾಕ್ಟರ್, ರೀಲ್ಸ್ ಅಲ್ಲ.