ಹೊಳಪು ಗಡ್ಡೆಯ ಅಳತೆಯಲ್ಲ: ಇಲಿಗಳ ಸ್ಕ್ಯಾನಿಂಗ್ ಕುರಿತ ತಪ್ಪು ಕಲ್ಪನೆಗಳು

ಕ್ಯಾನ್ಸರ್ ಔಷಧದ ಪ್ರಯೋಗಕ್ಕೆ ಒಳಗಾದ ಇಲಿಯ ಮೈಮೇಲೆ ಕೆಂಪು, ಹಳದಿ, ನೀಲಿ ಮಚ್ಚೆಗಳು ಮೂಡಿದ ಚಿತ್ರಗಳನ್ನು ಪತ್ರಿಕೆಗಳಲ್ಲಿ ನೋಡಿದವರು ಆ ಮಚ್ಚೆಯೇ ಗಡ್ಡೆ, ಮಚ್ಚೆ ಮಸುಕಾದರೆ ಗಡ್ಡೆ ಕರಗಿತು ಎಂದು ಭಾವಿಸುತ್ತಾರೆ. ಈ ಭಾವನೆ ಅಲ್ಲಿಗೇ ನಿಲ್ಲದೆ, ಅದರಿಂದ ರೋಗಿಗಳ ಮನೆಗಳಲ್ಲಿ ಹುಸಿ ಆಸೆ ಚಿಗುರುವುದರಿಂದ, ಆ ಚಿತ್ರಗಳಲ್ಲಿ ನಿಜವಾಗಿ ಕಾಣುವುದೇನು ಎಂಬುದನ್ನು ತಿಳಿಯುವುದು ಅಗತ್ಯ.

ಮೊದಲನೆಯ ತಪ್ಪು ಕಲ್ಪನೆಯೆಂದರೆ, ಇಂದು ಇಲಿಯ ಗಡ್ಡೆಯನ್ನು ಅಳೆಯುವ ಕೆಲಸವೆಲ್ಲ ಸ್ಕ್ಯಾನಿಂಗ್ ಯಂತ್ರಗಳದ್ದೇ ಎಂಬುದು. ಕಾರ್ಖಾನೆಗಳ ಕೆಲಸಗಾರರಿಗೆ ಚಿರಪರಿಚಿತವಾದ ವರ್ನಿಯರ್ ಕ್ಯಾಲಿಪರ್ ಚರ್ಮದಡಿಯ ಗಡ್ಡೆಯನ್ನು ಅಳೆಯಲು ಇಂದಿಗೂ ವ್ಯಾಪಕವಾಗಿ ಬಳಕೆಯಲ್ಲಿದೆ. ಉದ್ದವನ್ನು ಅಗಲದ ವರ್ಗದಿಂದ ಗುಣಿಸಿ, ಬಂದದ್ದನ್ನು ಎರಡರಿಂದ ಭಾಗಿಸಿದರೆ ಗಾತ್ರದ ಅಂದಾಜು ಸಿಗುತ್ತದೆ. 12 ಮಿಲಿಮೀಟರ್ ಉದ್ದ, 8 ಮಿಲಿಮೀಟರ್ ಅಗಲದ ಗಡ್ಡೆಯ ಗಾತ್ರ ಹೀಗೆ 384 ಘನ ಮಿಲಿಮೀಟರ್ ಆಗುತ್ತದೆ. ಆದರೆ ಮೆತ್ತನೆಯ ಗಡ್ಡೆಯನ್ನು ಹಿಡಿಯುವಾಗ ಕೈ ಸಡಿಲವಾಗಿ ಅಗಲ 9 ಎಂದು ದಾಖಲಾದರೆ ಅದೇ ಗಡ್ಡೆ 486ಕ್ಕೆ ಏರಿ, ಒಂದೇ ಮಿಲಿಮೀಟರಿನ ವ್ಯತ್ಯಾಸದಿಂದ ಕಾಲು ಭಾಗಕ್ಕೂ ಮಿಗಿಲಾಗಿ ಬೆಳೆದಂತೆ ತೋರುತ್ತದೆ. ಆದ್ದರಿಂದಲೇ ಮೊದಲಿನಿಂದ ಕೊನೆಯವರೆಗೆ ಒಬ್ಬರೇ ಅಳೆಯುವುದು, ಯಾವ ಇಲಿಗೆ ಔಷಧ ಕೊಡಲಾಗಿದೆ ಎಂಬುದನ್ನು ಅಳೆಯುವವರಿಗೆ ತಿಳಿಸದಿರುವುದು ಒಳ್ಳೆಯ ಪದ್ಧತಿ. ಇನ್ನು ಯಕೃತ್ತು, ಮೆದುಳು, ಶ್ವಾಸಕೋಶಗಳಲ್ಲಿ ಅಡಗಿದ ಗಡ್ಡೆಗೆ ಕ್ಯಾಲಿಪರ್ ತಾಗುವುದೇ ಇಲ್ಲ; ಸ್ಕ್ಯಾನಿಂಗ್‌ನ ನಿಜವಾದ ಅಗತ್ಯ ಇರುವುದು ಅಲ್ಲಿ.

ಪತ್ರಿಕೆಗಳ ಬಣ್ಣದ ಚಿತ್ರಗಳಲ್ಲಿ ಬಹುಪಾಲು ಜೈವಿಕ ಬೆಳಕಿನ ಚಿತ್ರಣದವು. ಮಿಣುಕುಹುಳದಲ್ಲಿ ಬೆಳಕು ಹುಟ್ಟಿಸುವ ಲೂಸಿಫರೇಸ್ ಎಂಬ ಕಿಣ್ವದ ಜೀನನ್ನು ಕ್ಯಾನ್ಸರ್ ಕೋಶಗಳಿಗೆ ಮೊದಲೇ ಸೇರಿಸಿ, ಆ ಕೋಶಗಳನ್ನು ಇಲಿಯಲ್ಲಿ ಬೆಳೆಸಿ, ಬಳಿಕ ಲೂಸಿಫೆರಿನ್ ಎಂಬ ರಾಸಾಯನಿಕವನ್ನು ಚುಚ್ಚಿದರೆ, ಕೋಶಗಳು ಸೂಸುವ ಅತಿ ಕ್ಷೀಣ ಬೆಳಕನ್ನು ಕತ್ತಲ ಪೆಟ್ಟಿಗೆಯಲ್ಲಿರುವ, ತಣ್ಣಗಿರಿಸಿದ ಕ್ಯಾಮೆರಾ ಸೆರೆಹಿಡಿಯುತ್ತದೆ. ಚಿತ್ರದ ಬಣ್ಣಗಳು ಬೆಳಕಿನ ಪ್ರಮಾಣಕ್ಕೆ ತಕ್ಕಂತೆ ಕಂಪ್ಯೂಟರ್ ಹಚ್ಚಿದವು. ಈ ಕ್ರಿಯೆಗೆ ಆಮ್ಲಜನಕವೂ ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣುವೂ ಬೇಕಾದ್ದರಿಂದ ಬದುಕಿರುವ ಕೋಶಗಳು ಮಾತ್ರ ಬೆಳಗುತ್ತವೆ. ಗಡ್ಡೆ ದೊಡ್ಡದಾದಂತೆ ಅದರ ನಡುಭಾಗಕ್ಕೆ ರಕ್ತ ಸಾಲದೆ ಕೋಶಗಳು ಸಾಯುತ್ತವೆ; ಆಗ ಗಡ್ಡೆ ಬೆಳೆಯುತ್ತಿದ್ದರೂ ಅದೇ ಪ್ರಮಾಣದಲ್ಲಿ ಹೊಳಪು ಏರುವುದಿಲ್ಲ, ಕೆಲವೊಮ್ಮೆ ಇಳಿಯುವುದೂ ಉಂಟು. ರಕ್ತದ ಹೀಮೋಗ್ಲೋಬಿನ್ ಮತ್ತು ಕಪ್ಪು ರೋಮ ಬೆಳಕನ್ನು ಹೀರುವುದರಿಂದ ಆಳದ ಗಡ್ಡೆ ಮೇಲಿನದಕ್ಕಿಂತ ಮಂಕಾಗಿ ಕಾಣುತ್ತದೆ. ಲೂಸಿಫೆರಿನ್ ಚುಚ್ಚಿ ಸುಮಾರು 10ರಿಂದ 20 ನಿಮಿಷಗಳಲ್ಲಿ ಹೊಳಪು ತುದಿಗೇರಿ ಇಳಿಯುವುದರಿಂದ, ಒಂದು ವಾರ ಬೇಗ, ಇನ್ನೊಂದು ವಾರ ತಡವಾಗಿ ತೆಗೆದ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಔಷಧವೇ ಇಲ್ಲದೆ ಗಡ್ಡೆ ಕುಗ್ಗಿದಂತೆ ಕಾಣಬಹುದು. ಈ ವಿಧಾನದ ಬಲವಿರುವುದು ಬೇರೆಡೆ: ಕೈಗೆ ಸಿಗದಷ್ಟು ಸಣ್ಣ ಕೋಶಗುಂಪನ್ನು ಅದು ಬೇಗ ಗುರುತಿಸುತ್ತದೆ, ಒಂದೇ ಇಲಿಯಲ್ಲಿ ವಾರದಿಂದ ವಾರಕ್ಕೆ ಆಗುವ ಏರಿಳಿತವನ್ನು ತೋರಿಸುತ್ತದೆ.

ಯಂತ್ರ ದುಬಾರಿಯಾದಷ್ಟೂ ಅಳತೆ ನಿಖರ ಎಂಬ ನಂಬಿಕೆಗೂ ಆಧಾರವಿಲ್ಲ. ಇಲಿಗೆ ಬಳಸುವ ಅಲ್ಟ್ರಾಸೌಂಡ್ 30ರಿಂದ 50 ಮೆಗಾಹರ್ಟ್ಸ್ ಆವರ್ತನದಲ್ಲಿ, ಎಂದರೆ ಗರ್ಭಿಣಿಯರ ಹೊಟ್ಟೆಯ ಸ್ಕ್ಯಾನಿಂಗ್‌ಗಿಂತ ಎಷ್ಟೋ ಪಟ್ಟು ಹೆಚ್ಚಿನ ಆವರ್ತನದಲ್ಲಿ, ಕೆಲಸ ಮಾಡುವುದರಿಂದ ಮೇಲ್ಪದರದ ಗಡ್ಡೆಯ ಅಂಚನ್ನು ಚೆನ್ನಾಗಿ ತೋರಿಸುತ್ತದೆ. ಆದರೆ ಗಾಳಿ ತುಂಬಿದ ಶ್ವಾಸಕೋಶದಲ್ಲಿ ಅದು ಸೋಲುತ್ತದೆ, ಅಲ್ಲಿ ಎಕ್ಸ್-ರೇ ಬಳಸುವ ಮೈಕ್ರೋ-ಸಿಟಿ ನೆರವಿಗೆ ಬರುತ್ತದೆ. ಮೆದುಳಿನ ಗಡ್ಡೆಗೆ ಎಂಆರ್‌ಐ ಸೂಕ್ತ. ಇವೆಲ್ಲಕ್ಕಿಂತ ಭಿನ್ನವಾದ ಪೆಟ್ ಸ್ಕ್ಯಾನ್, 110 ನಿಮಿಷಗಳ ಅರ್ಧಾಯುವಿನ ವಿಕಿರಣಶೀಲ ಫ್ಲೋರಿನ್-18 ಸೇರಿಸಿದ ಗ್ಲೂಕೋಸ್ ರೂಪವನ್ನು ಯಾವ ಅಂಗಾಂಶ ಹೆಚ್ಚು ಹೀರಿಕೊಂಡಿದೆ ಎಂಬುದನ್ನು ತೋರಿಸುತ್ತದೆಯೇ ಹೊರತು ಗಡ್ಡೆಯ ಗಾತ್ರವನ್ನಲ್ಲ. ಉರಿಯೂತವಾದ ಜಾಗವೂ, ಚಳಿಯಲ್ಲಿರುವ ಇಲಿಯ ಕಂದು ಕೊಬ್ಬೂ ಅದರಲ್ಲಿ ಗಡ್ಡೆಯಂತೆಯೇ ಬೆಳಗುವುದರಿಂದ, ಸ್ಕ್ಯಾನಿಂಗ್‌ಗೆ ಮುನ್ನ ಇಲಿಯನ್ನು ಬೆಚ್ಚಗಿಡಬೇಕಾಗುತ್ತದೆ.

ಕೊಯ್ಯುವುದಿಲ್ಲವಾದ್ದರಿಂದ ಇಲಿಗೆ ಸ್ಕ್ಯಾನಿಂಗ್‌ನಿಂದ ಯಾವ ತೊಂದರೆಯೂ ಇಲ್ಲ ಎಂಬುದು ಪೂರ್ಣ ಸತ್ಯವಲ್ಲ. ಹಂತಹಂತಕ್ಕೂ ಕೆಲವು ಇಲಿಗಳನ್ನು ಕೊಂದು ನೋಡುವ ಬದಲು ಅದೇ ಇಲಿಯನ್ನು ಮತ್ತೆ ಮತ್ತೆ ನೋಡಬಹುದಾದ್ದರಿಂದ ಬಲಿಯಾಗುವ ಇಲಿಗಳ ಸಂಖ್ಯೆ ತಗ್ಗುತ್ತದೆ, ಇದು ದೊಡ್ಡ ಲಾಭವೇ ಸರಿ. ಆದರೆ ಇಪ್ಪತ್ತು ಮೂವತ್ತು ಗ್ರಾಂ ತೂಗುವ ಈ ಪ್ರಾಣಿ ಸ್ಕ್ಯಾನಿಂಗ್‌ಗಾಗಿ ಕೊಡುವ ಅರಿವಳಿಕೆಯಲ್ಲಿ ಬೇಗನೆ ಮೈಕಾವು ಕಳೆದುಕೊಳ್ಳುತ್ತದೆ, ಸಿಟಿಯನ್ನು ಪದೇಪದೇ ಮಾಡಿದರೆ ವಿಕಿರಣ ಸಂಚಯವಾಗಿ ಗಡ್ಡೆಯ ಬೆಳವಣಿಗೆಯ ಮೇಲೂ ಪರಿಣಾಮವಾಗಬಹುದು. ಭಾರತೀಯ ವಿಜ್ಞಾನ ಸಂಸ್ಥೆ, ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರ (ಎನ್‌ಸಿಬಿಎಸ್) ಮೊದಲಾದ ಬೆಂಗಳೂರಿನ ಸಂಸ್ಥೆಗಳೂ ಸೇರಿದಂತೆ ದೇಶದಲ್ಲಿ ಎಲ್ಲೇ ಇಂಥ ಪ್ರಯೋಗ ನಡೆಯಬೇಕಾದರೂ, 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಮತ್ತು 1998ರ ನಿಯಮಗಳಂತೆ ಪ್ರಾಣಿ ನೀತಿ ಸಮಿತಿಯ ಒಪ್ಪಿಗೆ ಬೇಕು. ಗಡ್ಡೆ ಎಷ್ಟು ಬೆಳೆದಾಗ ಪ್ರಯೋಗ ನಿಲ್ಲಿಸಬೇಕೆಂಬ ಮಿತಿಯನ್ನು ಮೊದಲೇ ನಿಗದಿಪಡಿಸಲಾಗುತ್ತದೆ. ಆ ಮಿತಿ ತಲುಪಿದ ಇಲಿಯನ್ನು ಇನ್ನೊಂದು ಚಿತ್ರದ ಆಸೆಗಾಗಿ ಮುಂದುವರಿಸುವಂತಿಲ್ಲ.