ಮೂರು ಗಂಡಿಗಳು

ಸಂಡೂರಿನ ಕಣಿವೆಯನ್ನು ಕಂಡವರಿಗೆ ಗಂಡಿ ಎಂಬ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಸುತ್ತಲೂ ಕಬ್ಬಿಣದ ಅದಿರನ್ನು ಗರ್ಭದಲ್ಲಿ ಹೊತ್ತ ಗಿರಿಶ್ರೇಣಿ; ಆ ಶ್ರೇಣಿಯನ್ನು ನಾರಿಹಳ್ಳವು ಸೀಳಿಕೊಂಡು ಹರಿದ ಎಡೆಗಳಲ್ಲಿ ಭೀಮಗಂಡಿ, ಓಬಳಗಂಡಿ ಎಂಬ ಇಕ್ಕಟ್ಟಾದ ದ್ವಾರಗಳು. ಅಂತಹ ದ್ವಾರವನ್ನು ಹಿಡಿದು ನಿಂತವನಿಗೆ ಬೆಟ್ಟವನ್ನೆಲ್ಲ ಸುತ್ತಿ ಕಾಯುವ ಶ್ರಮವಿಲ್ಲ. ಮೋಟಾರುಕಾರಿನ ಕಳವನ್ನು ತಡೆಯಹೊರಟವರು ಕಂಡುಕೊಂಡುದೂ ಇದೇ ಉಪಾಯವನ್ನು. ಬಾಗಿಲನ್ನಲ್ಲ, ವಿದ್ಯುತ್ತು ಹಾದುಹೋಗುವ ಗಂಡಿಯನ್ನು ಮುಚ್ಚುವ ಆ ಸಾಧನಕ್ಕೆ ಇಮ್ಮೊಬಿಲೈಸರ್ ಎಂದು ಹೆಸರು.

ಅದರ ಪರಿಚಯವು ನನಗೆ ಸರಿಯಾಗಿ ಆದುದು ಅದೇ ಸಂಡೂರು ಸೀಮೆಯ ಬಂಡ್ರಿಯಲ್ಲಿ. ಎರಡೇ ಆಸನದ, ನಾರುಗಾಜಿನ ಮೈಯ ನನ್ನ ಹಳೆಯ ಸ್ಪೋರ್ಟ್ಸ್ ಕಾರು ಊರು ಸೇರಿದ ಮೇಲೆ ಒಮ್ಮೆ ನಿಂತದ್ದು ಮತ್ತೆ ಹೊರಡಲೊಲ್ಲದಾಯಿತು. ಟ್ರ್ಯಾಕ್ಟರು, ಲಾರಿಗಳ ವೈರಿಂಗ್ ಮಾಡುವ ಎಲೆಕ್ಟ್ರಿಷಿಯನ್ ಒಬ್ಬರು ಬಂದು ಕೀಲಿಯನ್ನು ತಿರುಗಿಸಿ, “ಸೆಲ್ಫ್ ಎತ್ತುತ್ತಿಲ್ಲ” ಎಂದರು. ಸೆಲ್ಫ್! ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರು 1912ರ ಕ್ಯಾಡಿಲ್ಯಾಕ್ ಕಾರುಗಳಲ್ಲಿ ಬಂದಾಗ, ಕೈಯಿಂದ ಹ್ಯಾಂಡಲು ತಿರುವಬೇಕಿಲ್ಲದ ಅದಕ್ಕೆ ಸೆಲ್ಫ್ ಸ್ಟಾರ್ಟರ್ ಎಂಬ ಹೆಸರು ಬಿದ್ದಿತು. ಆ ಹೆಸರಿನ ಪೂರ್ವಾರ್ಧವು ನಮ್ಮ ಗ್ಯಾರೇಜುಗಳಲ್ಲಿ ಇಂದಿಗೂ ಬಾಳುತ್ತಿದೆ.

ಆದರೆ ಚಾಲಕನಿಗೆ ಸುಲಭವಾದುದು ಚೋರನಿಗೂ ಸುಲಭವಾಗದೆ ಇರದು. ಅಮೆರಿಕದ ಸೇಂಟ್ ಜಾರ್ಜ್ ಇವಾನ್ಸ್ ಮತ್ತು ಎಡ್ವರ್ಡ್ ಬರ್ಕೆನ್‌ಬ್ಯೂಲ್ ಎಂಬಿಬ್ಬರು 1919ರಲ್ಲಿ ಪೇಟೆಂಟು ಪಡೆದ ಯುಕ್ತಿಯಲ್ಲಿ, ಸಾಲಿಗೆ ಮೂರರಂತೆ ಮೂರು ಸಾಲು ಸ್ವಿಚ್ಚುಗಳ ಒಂದು ಹಲಗೆ ಕಾರಿನೊಳಗೆ ಇರುತ್ತಿತ್ತು. ಯಜಮಾನನು ಬಲ್ಲ ವಿನ್ಯಾಸದಲ್ಲಿ ಅವನ್ನು ಒತ್ತಿದರೆ ಎಂಜಿನ್ನಿಗೆ ಕಿಡಿ. ತಪ್ಪಿದರೆ ಎಂಜಿನ್ ಏಳದು, ಹಾರನ್ನು ಕೂಗುವುದು. ಹಂಪಿಯ ಭೀಮನ ಹೆಬ್ಬಾಗಿಲಿನಲ್ಲಿ ದಾರಿಯು ನೇರವಾಗಿ ಸಾಗದೆ ಮುರಿದು ತಿರುಗುವುದನ್ನು ನೋಡಿದವರಿಗೆ ಇದರ ಮರ್ಮವು ಹೊಸದೆನಿಸದು: ಬಲ್ಲವನಿಗೆ ಹಾದಿ, ಅರಿಯದವನಿಗೆ ಗೋಡೆ.

ಈ ಪರಂಪರೆಯಲ್ಲಿ ನನಗೆ ಅತ್ಯಂತ ಸುಂದರವಾಗಿ ಕಾಣುವುದು 1986ರ ಶೆವ್ರೊಲೆ ಕಾರ್ವೆಟ್ ಕಾರಿನ ಕೀಲಿ. ಅದರ ಲೋಹದಲ್ಲಿ ಒಂದು ಸಣ್ಣ ರೆಸಿಸ್ಟರನ್ನು ಹುದುಗಿಸಿದ್ದರು. ಹದಿನೈದು ಮೌಲ್ಯಗಳಲ್ಲಿ ಯಾವುದೋ ಒಂದು. ಕೀಲಿಯ ಹಲ್ಲುಗಳು ಸರಿಯಾಗಿ ಕೂತರೂ ಒಳಗಿನ ರೋಧವು ತಾಳೆಯಾಗದಿದ್ದರೆ ಕಾರು ಕೆಲವು ನಿಮಿಷಗಳ ಕಾಲ ಮೌನವ್ರತವನ್ನು ಹಿಡಿಯುವುದು. ಮುಂದೆ ಕೀಲಿಯ ತಲೆಯೊಳಗೆ ಬ್ಯಾಟರಿಯಿಲ್ಲದ ಎಲೆಕ್ಟ್ರಾನಿಕ್ ಚಿಪ್ಪು ಬಂದಿತು. 1998ರ ಅಕ್ಟೋಬರಿನಿಂದ ಯುರೋಪಿನ ಒಕ್ಕೂಟದಲ್ಲಿ ಹೊಸ ಕಾರುಗಳಿಗೆ ಇಮ್ಮೊಬಿಲೈಸರು ಕಡ್ಡಾಯವಾಯಿತು. ಆ ಹೊತ್ತಿನಲ್ಲೇ, ಬೆಂಗಳೂರಿನ ಸ್ಯಾನ್ ಸಂಸ್ಥೆಯು ಸ್ಯಾನ್ ಸ್ಟಾರ್ಮ್ ಎಂಬ ನಾರುಗಾಜಿನ ಎರಡಾಸನದ ಕಾರನ್ನು ಹೊರತಂದು, ಈ ಜಾತಿಯ ವಾಹನವನ್ನು ನಾಡಿನ ಬೀದಿಯಲ್ಲಿ ನೋಡುವ ಸಂತೋಷವನ್ನು ನಮ್ಮ ತಲೆಮಾರಿಗೆ ಒದಗಿಸಿತು.

ಕಾರ್ಖಾನೆಯಲ್ಲಿ ಕಾವಲನ್ನು ಪಡೆಯದೆ ಹುಟ್ಟಿದ ಕಾರುಗಳಿಗೆ ಅಂಗಡಿಯ ಕಾವಲೇ ಗತಿಯಾಯಿತು. ಪುಣೆಯ ಎ.ಆರ್.ಎ.ಐ. ಒಪ್ಪಿದ ಸಾಧನವನ್ನು ಅಳವಡಿಸಿದವರಿಗೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಶೇಕಡ 2.5ರಷ್ಟು, 500 ರೂಪಾಯಿಗೆ ಮೀರದಂತೆ, ರಿಯಾಯಿತಿಯೂ ನಮ್ಮಲ್ಲಿ ದೊರೆಯುತ್ತಿತ್ತು. ನನ್ನ ಕಾರಿನ ಹಿಂದಿನ ಒಡೆಯರು ಯಾವ ಊರಿನಲ್ಲೋ ಅಂತಹ ಸಾಧನವೊಂದನ್ನು ಹಾಕಿಸಿದ್ದರು. ಸ್ಟಾರ್ಟರು, ಇಗ್ನಿಷನ್ನು, ಪೆಟ್ರೋಲು ಪಂಪು, ಈ ಮೂರು ಗಂಡಿಗಳಲ್ಲಿ ಮೂಲದ ತಂತಿಯನ್ನು ಕತ್ತರಿಸಿ, ನಡುವೆ ಒಂದೊಂದು ರಿಲೇಯನ್ನು ನಿಲ್ಲಿಸಿದ್ದರು. ಕಳ್ಳನಿಗೆ ಗುರುತು ಸಿಗಬಾರದೆಂದು ಸೇರಿಸಿದ ತಂತಿಗಳೆಲ್ಲ ಕಪ್ಪು. ಉದ್ದೇಶವು ನಿರ್ದುಷ್ಟವೇ. ಆದರೆ ಬೆಸುಗೆಯಿಲ್ಲದೆ, ತಂತಿಯ ಹೊದಿಕೆಯನ್ನು ಕಚ್ಚಿ ಹಿಡಿಯುವ ಹಲ್ಲಿನ ಕ್ಲಿಪ್ಪುಗಳಿಂದ ಕೂಡಿಸಿದ ಆ ಸಂಧಿಗಳಲ್ಲಿ ಅದುರಾಟದಿಂದ ತಾಮ್ರದ ಎಳೆಗಳು ಒಂದೊಂದಾಗಿ ತುಂಡಾಗಿ, ಉಳಿದವು ಕಿಲುಬು ಹಿಡಿದು, ಬೇಲಿಯೇ ಎದ್ದು ಹೊಲ ಮೇಯುವ ಕಾಲವು ಬಂದಿತ್ತು. ಅದು ಸಾಲದೆಂಬಂತೆ, ನಿಂತ ಕಾರಿನಿಂದಲೂ ಆ ಪೆಟ್ಟಿಗೆಯು 20 ಮಿಲಿಆಂಪಿಯರನ್ನು ಎಡೆಬಿಡದೆ ಹೀರುತ್ತಿದ್ದುದು ಮೀಟರಿನಲ್ಲಿ ಕಂಡಿತು. ಈ ಲೆಕ್ಕದಲ್ಲಿ 40 ಆಂಪಿಯರ್-ಗಂಟೆಯ ಬ್ಯಾಟರಿಯು ಸುಮಾರು ನಲವತ್ತು ದಿನಗಳಲ್ಲಿ ಅರ್ಧ ಬರಿದಾಗುತ್ತದೆ.

ಆ ಸಾಧನವನ್ನು ಕಳಚಿಬಿಡಲು ಒಪ್ಪಿದ ಎಲೆಕ್ಟ್ರಿಷಿಯನ್ನರು ಪಕ್ಕಡವನ್ನು ಮುಟ್ಟುವ ಮೊದಲು ಕೇಳಿದುದು ಆರ್.ಸಿ. ಪುಸ್ತಕವನ್ನು. ಕಾವಲನ್ನು ಕಳಚುವ ವಿದ್ಯೆಯು ಯಾರ ಕೈಗೆ ಸಲ್ಲಬೇಕೆಂಬುದನ್ನು ಬಲ್ಲ ಆ ಮನುಷ್ಯರ ಬಗ್ಗೆ ನನಗೆ ಅಂದೇ ಗೌರವವು ಹುಟ್ಟಿತು. ಬ್ಯಾಟರಿಯ ಋಣಧ್ರುವವನ್ನು ಬಿಚ್ಚಿಟ್ಟು, ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿ, ಅವರು ಕಪ್ಪು ತಂತಿಗಳಿಗೆ ಒಂದೊಂದಾಗಿ ಚೀಟಿ ಕಟ್ಟುತ್ತ ಹೋದರು. ರಿಲೇಯ 30 ಮತ್ತು 87ನೆಯ ಕಾಲುಗಳಿಂದ ಹೊರಟ ಎರಡು ಕಪ್ಪು ತಂತಿಗಳು ಕೊನೆಗೆ ಒಂದೇ ಬಣ್ಣದ ಎರಡು ತುಂಡು ತುದಿಗಳನ್ನು ಮುಟ್ಟಿದರೆ, ಅವು ಕಾರ್ಖಾನೆಯ ಒಂದೇ ತಂತಿಯ ಅಗಲಿದ ಭಾಗಗಳೆಂದು ತಿಳಿಯಬೇಕು. ಅವಸರದವರು ಆ ಎರಡು ಕಾಲುಗಳನ್ನೇ ಒಂದು ತುಂಡು ತಂತಿಯಿಂದ ಕೂಡಿಸಿ ಕೈತೊಳೆದುಕೊಳ್ಳುವುದುಂಟು. ಹಾಗೆ ಮಾಡಿದರೆ ಕಾರೇನೋ ಏಳುತ್ತದೆ, ಕೊಳೆತ ಸಂಧಿಗಳು ಮಾತ್ರ ಉಳಿದುಕೊಂಡು ಮುಂದೊಂದು ರಾತ್ರಿಗಾಗಿ ಕಾಯುತ್ತವೆ. ಇವರು ಪ್ರತಿಯೊಂದು ತುದಿಯನ್ನೂ ಹೊಳೆಯುವ ತಾಮ್ರ ಕಾಣುವವರೆಗೆ ಹಿಂದಕ್ಕೆ ಕತ್ತರಿಸಿ, ಬೆಸೆದು, ಕಾಯಿಸಿದರೆ ಕುಗ್ಗುವ ಕೊಳವೆಯನ್ನು ತೊಡಿಸಿದರು.

ನಾರುಗಾಜಿನ ಮೈಯಲ್ಲಿ ಇನ್ನೊಂದು ಸೂಕ್ಷ್ಮವುಂಟು. ಉಕ್ಕಿನ ಕಾರಿನಲ್ಲಿ ದೇಹವೇ ಅರ್ತಿನ ದಾರಿ; ಇಲ್ಲಿಯಾದರೋ ಒಂದೊಂದು ದೀಪಕ್ಕೂ ಹಿಂದಿರುಗುವ ತಂತಿಯು ಬೇರೆ ಬೇಕು. ಇಮ್ಮೊಬಿಲೈಸರಿನ ಅರ್ತನ್ನು ಬಿಗಿದಿದ್ದ ಬೋಲ್ಟಿನಲ್ಲೇ ಕಾರ್ಖಾನೆಯ ಎರಡು ಅರ್ತುಗಳೂ ಕೂಡಿದ್ದವು. ಅವನ್ನು ಉಜ್ಜಿ, ಸ್ವಸ್ಥಾನದಲ್ಲಿ ಮತ್ತೆ ಬಿಗಿದರು. ಪಂಪಿನ ದಾರಿಯಲ್ಲಿದ್ದ ಇನ್ನೊಂದು ಪೆಟ್ಟಿಗೆಯನ್ನು ನಾನು ತೋರಿಸಿದಾಗ ತಲೆಯಲ್ಲಾಡಿಸಿದರು: ಅದು ಡಿಕ್ಕಿಯಾದಾಗ ಪೆಟ್ರೋಲನ್ನು ನಿಲ್ಲಿಸುವ ಸ್ವಿಚ್ಚು, ಕಾರ್ಖಾನೆಯದು, ಅದನ್ನು ಮುಟ್ಟಕೂಡದು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಬ್ಯಾಟರಿಯನ್ನು ಕೂಡಿಸಿ ಕೀಲಿಯನ್ನು ನನ್ನ ಕೈಗೇ ಕೊಟ್ಟರು. ಸೆಲ್ಫ್ ಒಂದೇ ಸಲಕ್ಕೆ ಎತ್ತಿತು. ಸಾಧನವನ್ನು ತೆಗೆಸಿದ ಸಂಗತಿಯನ್ನು ವಿಮೆಯವರಿಗೆ ಬರೆದು ತಿಳಿಸುವ ಕೆಲಸವು ನನ್ನ ಪಾಲಿಗೆ ಉಳಿಯಿತು. ನೆಲದ ಮೇಲೆ ಬಿದ್ದಿದ್ದ ಕಪ್ಪು ತಂತಿಗಳ ರಾಶಿಯಿಂದ ಅವರು ರಿಲೇಗಳನ್ನು ಆಯ್ದು, ಒಂದೊಂದಕ್ಕೂ ಕರೆಂಟು ಕೊಟ್ಟು, ಕಿವಿಯ ಬಳಿ ಹಿಡಿದು ಆಲಿಸಿದರು. ಎರಡು ಇನ್ನೂ ಸ್ಪಷ್ಟವಾಗಿ ಟಿಕ್ ಎನ್ನುತ್ತಿದ್ದವು. ಅಂಗಡಿಯ ಮುಂದೆ ನಿಂತಿದ್ದ ಟ್ರ್ಯಾಕ್ಟರಿನ ಹೆಡ್‌ಲೈಟಿಗೆ ಒಂದು ಬೇಕಾಗಿದೆಯೆಂದರು. ತೆಗೆದುಕೊಳ್ಳಿರೆಂದೆ.